ಅರ್ಧಕ್ಕೆ ನಿಂತ ಫಿಯಟ್ಟೂ ನಮ್ಮನೆ ತಾರಸೀನೂ

ಹೋದ ಸಲ ಹಿತಕಬೇಳೆ ಸಾರು ಬರೆದಿದ್ದಕ್ಕೆ ನಮ್ಮ ನಾದಿನಿ ಫೋನ್ ಮಾಡಿ, "ಅತ್ತಿಗೆ, ಸಾರಿನ ವಿಷ್ಯ ಇರ್ಲಿ, ನಿಮ್ಮನೆ ಗೇಟೊಳಗೆ ನೀಲಿ ಟಾರ್ಪಾಲ್ ಹೊದಿಸಿ ಇಟ್ಟಿದ್ದೀರಲ್ಲ, ಅದರ ವಿಷ್ಯ ಯಾವಾಗ ಬರೀತೀರಾ?" ಅಂದ್ಲು. ಎದುರುಮನೆ ಅಕ್ಕನೂ ಸಿಕ್ಕಾಗೆಲ್ಲ ಅದನ್ನೇ ಕೇಳ್ತಾವ್ರೆ. ಯುಗಾದಿ ಹೋಳಿಗೆ ಕೊಡಕ್ಕೆ ಹೋದಾಗ "ಈ ವಾರ ಬರೀತೀನಿ ಬಿಡಕ್ಕ" ಅಂತ ಮಾತು ಕೊಟ್ಟು ಬಂದೆ. ಅದಕ್ಕೇ ಇವತ್ತು ಪಾತ್ರೆ ತೊಳೆದಿಟ್ಟು ಕೂತಿದ್ದೀನಿ.

ಟಾರ್ಪಾಲ್ ಕೆಳಗಿರೋದು ಒಂದು ಕಾರು. 1968ನೇ ಇಸವಿ ಫಿಯಟ್ 1100. ಓಡೋ ಕಾರಲ್ಲ. ಯಾರೋ ಹೊಸದು ಮಾಡ್ತೀನಿ ಅಂತ ಪೂರ್ತಿ ಬಿಚ್ಚಿ, ಅರ್ಧಕ್ಕೆ ಕೈಬಿಟ್ಟ ಕಾರು. ಅದನ್ನ ನಮ್ಮೆಜಮಾನ್ರು ದುಡ್ಡು ಕೊಟ್ಟು ಮನೆಗೆ ತಂದ್ರು.

ಯಾಕೆ ತಂದ್ರು ಅಂತ ಹೇಳ್ಬೇಕಾದ್ರೆ ವಸಿ ಹಿಂದಕ್ಕೆ ಹೋಗ್ಬೇಕು. ಅವರು ಹುಟ್ಟಿ ಬೆಳೆದಿದ್ದು ಚಾಂಪಿಯನ್ ರೀಫ್ಸ್‌ನಲ್ಲಿ. ನಮ್ಮ ಮಾವ ಗಣಿ ಒಳಗೆ ಇಳೀತಿದ್ದೋರು. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದಾಗಿಂದ ಕೆಜಿಎಫ್‌ನಲ್ಲಿ ದೊಡ್ಡ ಬಂಗಲೆ, ಕ್ಲಬ್ಬು ಎಲ್ಲಾ ಇದ್ದವಲ್ಲ. 1902ರಲ್ಲೇ ಶಿವನಸಮುದ್ರದಿಂದ ಕರೆಂಟು ಬಂದಿತ್ತು ಆ ಊರಿಗೆ. ದೊರೆಗಳು ಹೋದ್ಮೇಲೆ ನಮ್ಮೋರೇ ಆಫೀಸರು, ಡಾಕ್ಟರು ಆದ್ರು. ಅವರ ಬಂಗಲೆ ಮುಂದೆ ಫಿಯಟ್ಟು, ಅಂಬಾಸಿಡರು ನಿಲ್ತಿದ್ವು. ಲೈನು ಮನೆ ಹುಡುಗ್ರು ದೂರದಿಂದ ನೋಡ್ತಿದ್ರು. ಮುಟ್ಟಿದ್ರೆ ಡ್ರೈವರ್ ಬೈತಿದ್ನಂತೆ. ಆ ಹುಡುಗ್ರಲ್ಲಿ ನಮ್ಮೆಜಮಾನ್ರೂ ಒಬ್ರು.

2001 ಫೆಬ್ರವರಿ 28ಕ್ಕೆ ಗಣಿ ಮುಚ್ಚಿದ್ದು ನಿಮಗೆಲ್ಲಾ ನೆನಪೈತೆ. ಎಷ್ಟೋ ಜನ ಮನೆ ಖಾಲಿ ಮಾಡಿ ಬೆಂಗಳೂರು, ಮದ್ರಾಸು ಅಂತ ಹೋದ್ರು. ಲಾರಿಗೆ ಹಿಡಿಯದೆ ಇದ್ದ ಸಾಮಾನು ಅಲ್ಲೇ ಉಳೀತು. ಈಗಲೂ ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆ ಕಡೆ ಹಳೇ ಶೆಡ್ಡು ಬಗ್ಗಿ ನೋಡಿದ್ರೆ ಏನಾದ್ರೂ ಒಂದು ಧೂಳು ಹಿಡಿದು ನಿಂತಿರ್ತದೆ.

ಇವರು ಬೆಮೆಲ್‌ನಲ್ಲಿ ದುಡಿದು ರಿಟೈರ್ ಆದ್ರು. ಬಂಗಾರಪೇಟೆಯಿಂದ ದಿನಾ ಮಾರಿಕುಪ್ಪಂ ರೈಲಿನಲ್ಲಿ ಹೋಗಿ ಬಂದ ಮನುಷ್ಯ, ಸುಮ್ನೆ ಕೂರಕ್ಕೆ ಆಗ್ಲಿಲ್ಲ. 2023ರ ಅಕ್ಟೋಬರ್ ಕೊನೇಲಿ ಮುಂಬೈನ ಕಪ್ಪು ಹಳದಿ ಪದ್ಮಿನಿ ಟ್ಯಾಕ್ಸಿ ಪೂರಾ ನಿಂತೋಯ್ತು ಅಂತ ಪೇಪರಿನಲ್ಲಿ ಬಂತು. ಅಲ್ಲಿ ಟ್ಯಾಕ್ಸಿಗೆ 20 ವರ್ಷ ಅಷ್ಟೇ ಆಯಸ್ಸು. ಕೊನೇ ಗಾಡಿ ರಿಜಿಸ್ಟರ್ ಆಗಿದ್ದು 2003ರಲ್ಲಿ. ಈ ಪದ್ಮಿನಿ ಅನ್ನೋದು ಬೇರೆ ಏನಲ್ಲ, ಫಿಯಟ್ 1100ಕ್ಕೇ 1974ರಲ್ಲಿ ಇಟ್ಟ ಹೆಸರು. ಬಾಂಬೆ ಕುರ್ಲಾದ ಪ್ರೀಮಿಯರ್ ಕಾರ್ಖಾನೇಲಿ ಆಗ್ತಿದ್ದಿದ್ದು. ಪೇಪರು ಹಿಡ್ಕೊಂಡು ಇವರು ಅರ್ಧ ಗಂಟೆ ಮಾತಾಡ್ಲಿಲ್ಲ. ಅವತ್ತೇ ನನಗೆ ಡೌಟು ಬಂತು.

ಡಿಸೆಂಬರ್‌ನಲ್ಲಿ ರಾಬರ್ಟ್‌ಸನ್‌ಪೇಟೆ ಕಡೆ ಒಬ್ಬ ಹುಡುಗನ ಹತ್ರ ಗಾಡಿ ಐತೆ ಅಂತ ಗೊತ್ತಾಯ್ತು. ನಾನೂ ಜೊತೇಲಿ ಹೋಗಿದ್ದೆ. ಇವರೂ ಮೆಕ್ಯಾನಿಕ್ ಭಾಯ್‌ನೂ ಶೆಡ್ಡಿಗೆ ಹೋದ್ರು. ಆ ಹುಡುಗನ ಅಮ್ಮ ನನ್ನ ಒಳಗೆ ಕರೆದು ಕಾಫಿ ಕೊಟ್ರು. ಟೊಮೇಟೊ ರೇಟು, ಸೀರಿಯಲ್ಲು, ಮಗಳ ಬಾಣಂತನ, ಎಲ್ಲಾ ಮಾತಾಡಿದ್ವಿ. ಕೇಳ್ಬೇಕಾದ ಒಂದು ಮಾತು ಮಾತ್ರ ಕೇಳ್ಲಿಲ್ಲ. ಅದನ್ನ ಕೊನೇಲಿ ಹೇಳ್ತೀನಿ.

ಹುಡುಗ 1,10,000 ಹೇಳಿ 85,000ಕ್ಕೆ ಒಪ್ಪಿದ. "ಎಲ್ಲಾ ಸಾಮಾನೂ ಐತೆ ಅಂಕಲ್, ಜೋಡಿಸೋದೊಂದೇ ಬಾಕಿ. ಬೆಂಗಳೂರಲ್ಲಿ ಕೆಲಸ ಸಿಕ್ತು, ಟೈಮ್ ಇಲ್ಲ, ಅದಕ್ಕೇ ಕೊಡ್ತಿದ್ದೀನಿ" ಅಂದ. ಬಾಡಿಗೆ ಬೂದು ಬಣ್ಣದ ಪ್ರೈಮರ್ ಹೊಡೆದು ನೀಟಾಗಿ ಇಟ್ಟಿದ್ದ. ನೋಡಿದ್ರೆ ಇನ್ನು ಬಣ್ಣ ಒಂದು ಹೊಡೆದ್ರೆ ಮುಗೀತು ಅನ್ಸೋದು.

ದುಡ್ಡು ಎಲ್ಲಿಂದ ಬಂತು? ನಮ್ಮನೆ ತಾರಸಿ ಸೋರ್ತಾ ಇತ್ತು. ಅದನ್ನ ಕೆತ್ತಿಸಿ ವಾಟರ್‌ಪ್ರೂಫ್ ಮಾಡ್ಸಕ್ಕೆ 1,20,000 ತೆಗೆದಿಟ್ಟಿದ್ವಿ. "ಮಳೆಗಾಲಕ್ಕೆ ಇನ್ನೂ ಆರು ತಿಂಗಳು ಐತೆ ಕಣೆ, ಅಷ್ಟರಲ್ಲಿ ಹೊಂದಿಸ್ತೀನಿ" ಅಂದ್ರು. ನಾನು ಹೂಂ ಅನ್ನಲೂ ಇಲ್ಲ, ಉಹೂಂ ಅನ್ನಲೂ ಇಲ್ಲ. ಮೂವತ್ತು ವರ್ಷ ತನಗೆ ಅಂತ ಒಂದು ಒಳ್ಳೇ ವಾಚು ಕೊಳ್ಳದೆ ಇರೋ ಮನುಷ್ಯನಿಗೆ ಹೆಂಗಮ್ಮ ಬೇಡ ಅನ್ನೋದು.

ಟೋಯಿಂಗ್ ಲಾರಿಗೆ 4,500 ಕೊಟ್ಟು ಗಾಡಿ ತಂದು ಇಳಿಸಿದ್ರು. ಜೊತೆಗೆ ಏಳು ಸಿಮೆಂಟ್ ಚೀಲ, ಎರಡು ಬಿಸ್ಕತ್ ಡಬ್ಬ ತುಂಬ ನಟ್ಟು ಬೋಲ್ಟು. ಮದುವೆ ಮುಗಿದ ಮೇಲೆ ಪಾತ್ರೆ ಲೆಕ್ಕ ಹಾಕ್ತೀವಲ್ಲ, ಹಂಗೆ ನಾನು ತಾರಸಿ ಮೇಲೆ ಹಳೇ ಸೀರೆ ಹಾಸಿ ಎಲ್ಲಾ ಸುರಿದೆ. ಇವರು ಹೆಸರು ಹೇಳಿದ್ರು, ನಾನು ನೋಟ್‌ಬುಕ್ಕಿನಲ್ಲಿ ಬರ್ಕೊಂಡೆ. ಕಿಟಕಿ ಗ್ಲಾಸು ಇಳಿಸೋ ಹಿಡಿ ನಾಲ್ಕು ಇರ್ಬೇಕು, ಎರಡೇ ಇತ್ತು. ಹೆಡ್‌ಲೈಟಿನ ಸುತ್ತ ಬರೋ ರಿಂಗು ಒಂದೇ. ಸ್ಪೀಡ್ ತೋರ್ಸೋ ಮೀಟರ್ ಇಲ್ಲವೇ ಇಲ್ಲ. ಸೆಲ್ಫ್ ಮೋಟರು ಇಲ್ಲ. ಅದರ ಬದಲು ಸ್ಕೂಟರಿನ ಯಾವುದೋ ಸಾಮಾನು ಮೂರು ಸಿಕ್ಕಿದ್ವು. ಈ ಲೆಕ್ಕ ದುಡ್ಡು ಕೊಡೋಕೆ ಮುಂಚೆ ಆ ಶೆಡ್ಡಿನಲ್ಲೇ ಹಾಕ್ಬೇಕಿತ್ತು. ಇರೋದು ಕಣ್ಣಿಗೆ ಕಾಣ್ತದೆ, ಇಲ್ಲದೇ ಇರೋದು ಕಾಣಲ್ಲ ನೋಡಿ.

ನಿಮಗೆಲ್ಲಾ ಅರ್ಥ ಆಗೋ ಹಂಗೆ ಹೇಳ್ತೀನಿ. ಒಬ್ಬ ಟೈಲರ್ ಕತ್ತರಿಸಿ ಅರ್ಧ ಹೊಲಿದ ಬ್ಲೌಸ್ ಪೀಸ್ ತಕ್ಕೊಂಡು ಇನ್ನೊಬ್ಬ ಟೈಲರ್ ಹತ್ರ ಹೋಗಿ. ಮುಟ್ಟೋದೇ ಇಲ್ಲ. "ಹೊಸ ಬಟ್ಟೆ ತನ್ನಿ ಅಮ್ಮ, ಹೊಲಿದು ಕೊಡ್ತೀನಿ" ಅಂತಾನೆ. ಅವನು ಎಲ್ಲಿ ಎಷ್ಟು ಮಾರ್ಜಿನ್ ಬಿಟ್ಟವ್ನೆ, ಯಾವ ಅಳತೆ ಇಟ್ಕೊಂಡವ್ನೆ, ಇವನಿಗೆ ಹೆಂಗೆ ಗೊತ್ತಾಗ್ಬೇಕು? ಬಿಚ್ಚಿ ಮತ್ತೆ ಹೊಲಿಯೋದು ಹೊಸದಾಗಿ ಹೊಲಿಯೋದಕ್ಕಿಂತ ಡಬಲ್ ಕೆಲಸ. ಕಾರಿಗೂ ಅದೇ ಕಥೆ ಆಯ್ತು.

ಮೊದಲು ಬಾಡಿ. ಟಿಂಕರಿಂಗ್ ಮಾಡೋರು ಬಂದು ತಟ್ಟಿ ನೋಡಿ, "ಮನೇಲಿ ಆಯಸ್ಕಾಂತ ಐತಾ ಅಮ್ಮ?" ಅಂದ್ರು. ಫ್ರಿಜ್ ಮೇಲೆ ಅಂಟಿಸಿದ್ದ ಮಾವಿನಹಣ್ಣಿನ ಬೊಂಬೆ ತಂದು ಕೊಟ್ಟೆ. ಬಾನೆಟ್ ಮೇಲೆ ಗಟ್ಟಿಯಾಗಿ ಹಿಡ್ಕೊಂತು. ಡೋರಿನ ಕೆಳಗೆ ಇಟ್ರೆ ಜಾರಿ ಬಿತ್ತು. ಅಲ್ಲಿ ತಗಡೇ ಇಲ್ಲ, ಬರೀ ಪುಟ್ಟಿ ಮೆತ್ತಿ ಪ್ರೈಮರ್ ಹೊಡೆದಿದ್ದು! ಪ್ರೈಮರ್ ನೀರು ತಡೆಯಲ್ಲವಂತೆ, ಅದರ ಮೇಲೆ ಬಣ್ಣ ಬಿದ್ರೇನೇ ಕಾಪಾಡೋದು. ಪ್ರೈಮರ್ ಹೊಡೆದು ವರ್ಷಗಟ್ಟಲೆ ಬಿಟ್ರೆ ತೇವ ಕುಡಿದು ಒಳಗೊಳಗೇ ತುಕ್ಕು ತಿಂತದೆ. ಜೀಪಿಗಾದ್ರೆ ಕೆಳಗೆ ಬೇರೆ ಚಾಸಿ ಇರ್ತದೆ. ಈ ಫಿಯಟ್ಟಿಗೆ ಬಾಡೀನೇ ಚಾಸಿ. ನೆಲದ ತಗಡು, ಡೋರಿನ ಕೆಳಗಿನ ಪಟ್ಟಿ ಹೋದ್ರೆ ಬೆನ್ನುಮೂಳೆ ಹೋದಂಗೆ. ಕಿತ್ತು, ತಗಡು ಕತ್ತರಿಸಿ, ವೆಲ್ಡಿಂಗ್ ಮಾಡಿ 38,000 ಆಯ್ತು.

ಆಮೇಲೆ ಎಂಜಿನ್. ಎಂಜಿನ್ ಮನೆಗೆ ಬಂದೇ ಇರ್ಲಿಲ್ಲ! ಅರ್ಧ ಎಂಜಿನ್ ಯಾವುದೋ ಲೇತ್ ಅಂಗಡೀಲಿ ಇತ್ತು. ಹುಡುಗ ಬೋರಿಂಗ್‌ಗೆ ಕೊಟ್ಟು, ದುಡ್ಡು ಕೊಡದೆ ಬಿಟ್ಟಿದ್ದ. ಅವನ ಬಾಕಿ 6,500 ನಾವು ಕಟ್ಟಿ ಬಿಡಿಸ್ಕೊಂಡು ಬಂದ್ವಿ. ಭಾಯ್ ಅಳತೆ ಹಾಕಿ ತಲೆ ಮೇಲೆ ಕೈ ಇಟ್ಕೊಂಡ. 1,089 ಸಿಸಿ ಎಂಜಿನ್ನು, ಕಂಪನಿಯಿಂದ ಬಂದಾಗ ಸಿಲಿಂಡರ್ ಅಗಲ 68 ಮಿಲಿಮೀಟರ್. ಸವೆದ ಮೇಲೆ ವಸಿ ವಸಿ ಕೊರೆದು ದೊಡ್ಡದು ಮಾಡಿ, ಅದಕ್ಕೆ ತಕ್ಕ ದೊಡ್ಡ ಪಿಸ್ಟನ್ ಹಾಕ್ತಾರೆ. ಪಿಸ್ಟನ್ ಮೊದಲು ಕೈಗೆ ತಂದು, ಅದರ ಅಳತೆಗೆ ಕೊರೀಬೇಕು. ಇವನು ಮೊದಲು ಕೊರೆಸವ್ನೆ, ಪಿಸ್ಟನ್ ತಂದೇ ಇಲ್ಲ. ಸೊಸೆ ನೋಡೋಕೆ ಮುಂಚೆ ಬಳೆ ತಂದಂಗೆ ಆಯ್ತು, ಅಳತೆ ಕೂಡಿ ಬರ್ಬೇಕಲ್ಲ.

ಸಾಮಾನು ಹುಡುಕಕ್ಕೆ ಇವರು ಬೆಂಗಳೂರಿನ ಜೆ.ಸಿ. ರೋಡು, ಶಿವಾಜಿನಗರದ ಗುಜರಿ ಎಲ್ಲಾ ಸುತ್ತಿದ್ರು. ಆಗ ಒಂದು ವಿಷ್ಯ ಗೊತ್ತಾಯ್ತು. ಇಷ್ಟು ವರ್ಷ ಟ್ಯಾಕ್ಸಿ ಓಡಿದ್ದರಿಂದ ಎಂಜಿನ್ನು, ಬ್ರೇಕು, ಕ್ಲಚ್ಚು ಇಂಥವೆಲ್ಲ ಪದ್ಮಿನೀದು ಹುಡುಕಿದ್ರೆ ಸಿಗ್ತವೆ. ಹಳೇ ಮಾಡಲ್‌ನ ರಿಂಗು, ಹಿಡಿ, ಲೈಟು, ಮೀಟರು ಸಿಗಲ್ಲ. ಓಡಕ್ಕೆ ಬೇಕಾಗೋದು ಸಿಗ್ತದೆ, ಅಂದಕ್ಕೆ ಬೇಕಾಗೋದು ಸಿಗಲ್ಲ. ಸಿಕ್ಕಿದ್ರೆ ಅವರು ಹೇಳಿದ್ದೇ ರೇಟು.

ಬ್ರೇಕು, ವೈರಿಂಗು ಅಂತ ಇನ್ನೊಂದು 22,000 ಹೋಯ್ತು. ಅಲ್ಲಿಗೆ 1,56,000. ತಾರಸಿ ದುಡ್ಡು ಪೂರಾ ಕರಗಿ, ಎಫ್‌ಡಿಗೂ ಕೈ ಹಾಕಿದ್ರು. ಮಳೆಗಾಲ ಬಂದೇ ಬಿಡ್ತು. ಕಾರಿಗೆ ಮಾತ್ರ ಮೂರೂವರೆ ಸಾವಿರ ಕೊಟ್ಟು ದಪ್ಪ ಟಾರ್ಪಾಲ್ ತಂದು ನಾಲ್ಕೂ ಕಡೆ ಹಗ್ಗ ಕಟ್ಟಿದ್ರು.

2024ರ ಅಕ್ಟೋಬರ್, ದಸರಾ ಮುಗಿದ ವಾರ. ರಾತ್ರಿ ಎರಡು ಗಂಟೆ ಇರ್ಬೇಕು, ಜಡಿಮಳೆ. ಅಡುಗೆಮನೇಲಿ ಟಪ್ ಟಪ್ ಅಂತ ಸದ್ದು. ಎದ್ದು ಲೈಟ್ ಹಾಕಿದ್ರೆ ದೇವರ ಗೂಡಿನ ಪಕ್ಕದಿಂದ ನೀರು ಇಳಿದು ಸೀದಾ ರಾಗಿಹಿಟ್ಟಿನ ಡಬ್ಬದ ಮೇಲೆ ಬೀಳ್ತಾ ಐತೆ. ಮುಚ್ಚಳ ಸರಿಯಾಗಿ ಕೂತಿರ್ಲಿಲ್ಲ. ಮೊನ್ನೆ ತಾನೆ ಮಿಲ್ ಮಾಡ್ಸಿ ತಂದಿದ್ದ ಹತ್ತು ಕೆಜಿ ಹಿಟ್ಟು, ಮೇಲೆಲ್ಲಾ ಅಂಬಲಿ ಆಗಿತ್ತು.

ನನಗೆ ಅಳು ಬರ್ಲಿಲ್ಲ, ಸಿಟ್ಟೂ ಬರ್ಲಿಲ್ಲ. ಟಾರ್ಚ್ ತಕ್ಕೊಂಡು ಆಚೆ ಹೋದೆ. ಒಂದೊಂದೇ ಗಂಟು ಬಿಚ್ಚಿ ಕಾರಿನ ಮೇಲಿನ ಟಾರ್ಪಾಲ್ ಎಳೆದೆ. ಸದ್ದಿಗೆ ಇವರು ಎದ್ದು ಬಂದ್ರು.

"ಏ, ಕಾರು ನೆನೆಯುತ್ತೆ ಕಣೆ!"

"ನೆನೀಲಿ ರೀ. ಅದು ಎಷ್ಟು ವರ್ಷದಿಂದಲೋ ನೆನೀತಾ ಐತೆ. ನನ್ನ ಹಿಟ್ಟಿನ ಡಬ್ಬ ಇವತ್ತು ನೆನೀತಾ ಐತೆ."

ಒಂದು ನಿಮಿಷ ಸುಮ್ನೆ ನಿಂತ್ರು. ಆಮೇಲೆ ಏನೂ ಮಾತಾಡದೆ ಏಣಿ ತಂದು ಹಿಡ್ಕೊಂಡ್ರು. ಆ ಮಳೇಲಿ ಇಬ್ಬರೂ ತಾರಸಿ ಮೇಲೆ ಟಾರ್ಪಾಲ್ ಹಾಸಿ, ಸುತ್ತ ಇಟ್ಟಿಗೆ ಇಟ್ಟು ಇಳಿದ್ವಿ. ಕಾರಿನ ಮೇಲೆ ಅವರು ತಮ್ಮ ಹಳೇ ರೇನ್‌ಕೋಟ್ ಹೊದಿಸಿದ್ರು. ಅದು ಬಾನೆಟ್ಟಿಗೂ ಸಾಕಾಗ್ಲಿಲ್ಲ.

ಬೆಳಿಗ್ಗೆ ಕಾಫಿ ಕುಡೀತಾ ನೋಟ್‌ಬುಕ್ ಮುಂದೆ ಇಟ್ಟೆ. ಜಗಳ ಆಡ್ಲಿಲ್ಲ, ಬರೀ ಓದಿದೆ. ಅದೇ ಸಮಯದಲ್ಲಿ ಕೋಲಾರದಲ್ಲಿ ಓಡ್ತಾ ಇರೋ ಇಂಥದ್ದೇ ಗಾಡಿ 2,40,000ಕ್ಕೆ ಕೈ ಬದಲಾಗಿತ್ತು ಅಂತ ಭಾಯ್ ಹೇಳಿದ್ದ. ನಮ್ಮದು ಮುಗಿಯೋಷ್ಟರಲ್ಲಿ 3 ಲಕ್ಷ ದಾಟ್ತದೆ. ಕಮ್ಮಿಗೆ ಸಿಕ್ತು ಅಂತ ತಂದಿದ್ದು ಜಾಸ್ತಿಗೆ ಬಿತ್ತು. "ಮಾರಿಬಿಡೋಣ್ವಾ?" ಅಂತ ಅವರೇ ಕೇಳಿದ್ರು. ಮುಖ ನೋಡಕ್ಕಾಗ್ಲಿಲ್ಲ. ಈ ಸ್ಥಿತೀಲಿ ಮಾರಿದ್ರೆ ಯಾರು ತಕ್ಕೊಂತಾರೆ, ನಮ್ಮಂಥೋರೇ ಇನ್ನೊಬ್ರು. ನಮ್ಮ ತಲೆನೋವು ಇನ್ನೊಬ್ಬಳ ಅಡುಗೆಮನೆಗೆ ಸಾಗಿಸಿದಂಗೆ.

ಎರಡು ಕಟ್ಟು ಮಾಡಿದ್ವಿ. ಒಂದು, ತಾರಸಿ ಮೊದಲು. ನನ್ನ ಚೀಟಿ ದುಡ್ಡು 50,000 ಹಾಕಿ, ಮಿಕ್ಕಿದ್ದು ಅವರು ಸೇರಿಸಿ ಡಿಸೆಂಬರ್‌ನಲ್ಲಿ 62,000ಕ್ಕೆ ತಾರಸಿ ಮುಗಿಸಿದ್ವಿ. ಎರಡು, ಕಾರಿಗೆ ಇನ್ನು ಮನೆ ದುಡ್ಡು ಇಲ್ಲ. ಅವರು ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಅರ್ಧ ದಿನ ಮೇಲ್ವಿಚಾರಣೆಗೆ ಸೇರ್ಕೊಂಡ್ರು. ಅಲ್ಲಿ ಬರೋ ತಿಂಗಳಿಗೆ 8,000 ಅಷ್ಟೇ ಕಾರಿಗೆ.

ಇಷ್ಟೆಲ್ಲಾ ಆದ್ಮೇಲೆ ಕಾಗದ ಪತ್ರದ ಕಡೆ ಕಣ್ಣು ಹೋಯ್ತು. ಇದೇ ಎಲ್ಲಕ್ಕಿಂತ ದೊಡ್ಡ ಗುಂಡಿ. ಆರ್‌ಸಿ ಆ ಹುಡುಗನ ಹೆಸರಿನಲ್ಲಿ ಇಲ್ಲ. ಅವನಿಗೆ ಮಾರಿದೋನ ಹೆಸರಲ್ಲೂ ಇಲ್ಲ. ಎಂ.ವೈ. ಅಂತ ಶುರುವಾಗೋ ಹಳೇ ಮೈಸೂರು ನಂಬರು, ಗಣಿ ಕಾಲದ ಒಬ್ಬ ಡಾಕ್ಟರ ಹೆಸರು. ಅವರು ತೀರ್ಕೊಂಡು ಎಷ್ಟೋ ವರ್ಷ ಆಗೈತೆ. ಮಾಲೀಕರು ಬದುಕಿದ್ರೆ ಫಾರಂ 29, 30ಕ್ಕೆ ಸಹಿ ಹಾಕಿಸಿದ್ರೆ ಸಾಕು. ತೀರ್ಕೊಂಡಿದ್ರೆ ಮೊದಲು ಫಾರಂ 31ರಲ್ಲಿ ವಾರಸುದಾರರ ಹೆಸರಿಗೆ ಆಗ್ಬೇಕು, ಆಮೇಲೆ ನಮ್ಮ ಹೆಸರಿಗೆ. ಚಾಸಿ ನಂಬರು, ಎಂಜಿನ್ ನಂಬರು ಆರ್‌ಸಿಗೆ ಹೊಂದ್ಬೇಕು. ಭಾಯ್ ಸೀಮೆಎಣ್ಣೆ ಹಾಕಿ ಉಜ್ಜಿ, ಮೇಲೆ ಪೇಪರ್ ಇಟ್ಟು ಪೆನ್ಸಿಲ್ ಗೀಚಿ ತೋರ್ಸಿದ. ಎರಡೂ ಹೊಂದ್ತು. ಅದೊಂದು ನಮ್ಮ ಪುಣ್ಯ.

ಡಾಕ್ಟರಿಗೆ ಒಬ್ಬಳೇ ಮಗಳು, ಚೆನ್ನೈನಲ್ಲಿ ಅವ್ರೆ ಅಂತ ಅವರಿವರನ್ನ ಕೇಳಿ ಗೊತ್ತಾಯ್ತು. ಈ ಜನವರೀಲಿ ಬಂಗಾರಪೇಟೇಲಿ ರೈಲು ಹತ್ತಿ ಹೋದ್ವಿ. ಬೆಳಿಗ್ಗೆ ಪುದುಪೇಟೆಗೆ ಹೋಗಿ ಪಿಸ್ಟನ್ ಹುಡುಕಿದ್ವಿ. ಮೂರನೇ ಅಂಗಡೀಲಿ ಸಿಕ್ತು, ಇರೋ ಬೋರಿಗಿಂತ ಒಂದು ಸೈಜ್ ದೊಡ್ಡದು, ಇನ್ನೊಂದು ಸಲ ಕೊರೆಸ್ಬೇಕು. ಇರ್ಲಿ ಅಂತ ತಕ್ಕೊಂಡ್ವಿ. ಮಧ್ಯಾಹ್ನ ಆ ಅಮ್ಮನ ಮನೆಗೆ ಹೋದ್ವಿ. ಎಪ್ಪತ್ತು ದಾಟಿದೋರು. ಬಾಗಿಲಲ್ಲೇ ನಿಲ್ಸಿ ಕಳಿಸ್ತಾರೇನೋ ಅಂತ ನನಗೆ ಭಯ. ಕೆಜಿಎಫ್ ಅಂದ ತಕ್ಷಣ ಒಳಗೆ ಕರೆದು ಊಟಕ್ಕೇ ಕೂರಿಸಿದ್ರು.

ವಿಷ್ಯ ಹೇಳಿದ್ವಿ. ಅವರು ನಕ್ಕು, ನಮ್ಮ ಕಡೆ ತಮಿಳಿನಲ್ಲೇ ಅಂದ್ರು, "ಅಪ್ಪ ಆ ಗಾಡೀನ 1988ರಲ್ಲೇ ಮಾರಿದ್ರಮ್ಮ. ತಕ್ಕೊಂಡೋನು ಹೆಸರು ಬದಲಾಯಿಸ್ಲಿಲ್ಲ. ಎಲ್ಲಾದ್ರೂ ಆಕ್ಸಿಡೆಂಟ್ ಆದ್ರೆ ನನ್ನ ಹೆಸರು ಬರ್ತದೆ ಅಂತ ಅಪ್ಪ ಸಾಯೋವರೆಗೂ ಹೇಳ್ತಿದ್ರು. ದಯವಿಟ್ಟು ಅವರ ಹೆಸರಿಂದ ಅದನ್ನ ಬಿಡಿಸಿ." ಹೇಳಿದ ಕಡೆಯೆಲ್ಲ ಸಹಿ ಹಾಕಿ, ಮರಣ ಪತ್ರದ ಕಾಪಿ ಕೊಟ್ರು. ಒಂದು ರೂಪಾಯಿ ಕೇಳ್ಲಿಲ್ಲ. ಮನೇಲಿರೋ ಹಳೇ ಸ್ಕೂಟರು, ಬೈಕು ಮಾರ್ತೀರಲ್ಲ, ನೀವೂ ನೋಡ್ಕೊಳ್ಳಿ. ಹೆಸರು ಬದಲಾಗೋವರೆಗೂ ಲೆಕ್ಕದಲ್ಲಿ ಅದು ನಿಮ್ಮದೇ.

50 ವರ್ಷ ದಾಟಿದ ಗಾಡಿಗೆ 2021ರ ಜುಲೈನಲ್ಲಿ ಬೇರೆ ರೂಲ್ಸ್ ಬಂದೈತೆ. ವಿಂಟೇಜ್ ಅಂತ ಹೊಸದಾಗಿ ರಿಜಿಸ್ಟರ್ ಮಾಡ್ಸಿದ್ರೆ 20,000 ಫೀಸು, 10 ವರ್ಷಕ್ಕೆ. ಆದ್ರೆ ಅದನ್ನ ದಿನಾ ಓಡ್ಸಂಗಿಲ್ಲ, ರ‍್ಯಾಲಿ, ಪ್ರದರ್ಶನ ಇಂಥದ್ದಕ್ಕೆ ಅಷ್ಟೇ. ಇವರಿಗೆ ಸಂತೆಗೆ, ದೇವಸ್ಥಾನಕ್ಕೆ ಹೋಗ್ಬೇಕು. ಅದಕ್ಕೇ ಹಳೇ ನಂಬರನ್ನೇ ನವೀಕರಣಕ್ಕೆ ಹಾಕೋದು ಅಂತ ಮಾಡವ್ರೆ. 2022ರ ಏಪ್ರಿಲ್‌ನಲ್ಲಿ ಕಾರಿಗೆ ಆ ಫೀಸು 600 ಇದ್ದಿದ್ದು 5,000 ಆಗಿತ್ತು. ತಡ ಮಾಡಿದ್ದಕ್ಕೆ ದಂಡ, ಹಸಿರು ತೆರಿಗೆ ಬೇರೆ. ಅರ್ಜಿ ಕೊಟ್ಟಿದ್ದೀವಿ, ಕಾಯ್ತಾ ಇದ್ದೀವಿ.

ಈಗ ಮೊದಲು ಬಿಟ್ಟ ಮಾತಿಗೆ ಬರ್ತೀನಿ. ಫೆಬ್ರವರೀಲಿ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಆ ಹುಡುಗನ ಅಮ್ಮ ಸಿಕ್ಕಿದ್ರು. ಕಾರಿನ ಮಾತು ಬಂತು. "ಪಾಪ, ನನ್ನ ಮಗ ಎರಡು ವರ್ಷ ಆ ಡಾಕ್ಟರ ಮನೆಯೋರನ್ನ ಹುಡುಕಿ ಸಾಕಾಗಿ ಬಿಟ್ಬಿಟ್ಟ. ಹೆಸರೇ ಆಗದ ಮೇಲೆ ದುಡ್ಡು ಯಾಕೆ ಸುರೀಲಿ ಅಂತ ನಿಲ್ಸಿದ" ಅಂದ್ರು. ನೋಡಿದ್ರಾ! ಟೈಮ್ ಇಲ್ಲ ಅಂತ ಅವನು ಶೆಡ್ಡಿನಲ್ಲಿ ಹೇಳಿದ್ದು ಸುಳ್ಳಲ್ಲ, ಆದ್ರೆ ನಿಜವಾದ ಕಾರಣ ಅಡುಗೆಮನೇಲಿ ಇತ್ತು. ನಾನು ಅಲ್ಲೇ ಕೂತು ಕಾಫಿ ಕುಡಿದು, ಟೊಮೇಟೊ ರೇಟು ಕೇಳಿ ಎದ್ದು ಬಂದಿದ್ದೆ. "ಯಾಕಮ್ಮ ನಿಲ್ಸಿದ ನಿಮ್ಮ ಮಗ?" ಅಂತ ಒಂದು ಮಾತು ಕೇಳಿದ್ರೆ ಅವತ್ತೇ ಹೇಳ್ತಿದ್ರು.

ಅದಕ್ಕೇ ನಿಮಗೆ ಹೇಳೋದು. ಕಾರೇ ಆಗ್ಲಿ, ಅರ್ಧ ಕಟ್ಟಿದ ಮನೆ ಆಗ್ಲಿ, ಯಾರೋ ನಡೆಸಿ ಬಿಟ್ಟ ಅಂಗಡಿ ಆಗ್ಲಿ, ಅರ್ಧಕ್ಕೆ ನಿಂತಿದ್ದನ್ನ ಕೊಂಡ್ರೆ ಸಾಮಾನಿನ ಜೊತೆ ಅವರು ನಿಂತ ಕಾರಣಾನೂ ಕೊಂಡಂಗೆ. ಗಂಡಸ್ರು ಎಂಜಿನ್ ನೋಡ್ಲಿ. ನೀವು ಒಳಗೆ ಹೋಗಿ ಆ ಮನೆ ಹೆಂಗಸರನ್ನ ಯಾಕೆ ನಿಂತಿತು ಅಂತ ಕೇಳಿ. ಆರ್‌ಸಿ ಯಾರ ಹೆಸರಲ್ಲೈತೆ ನೋಡಿ. ಸಾಮಾನು ಅಲ್ಲೇ ಲೆಕ್ಕ ಹಾಕಿ. ಬ್ಯಾಗಿನಲ್ಲಿ ಫ್ರಿಜ್ ಆಯಸ್ಕಾಂತ ಒಂದು ಇಟ್ಕೊಂಡು ಹೋಗಿ.

ಯುಗಾದಿಗೆ ಎರಡು ದಿನ ಮುಂಚೆ ಎಂಜಿನ್ ಸ್ಟಾರ್ಟ್ ಆಯ್ತು. ನಾಲ್ಕು ಸಲ ಕೆಮ್ಮಿ, ಐದನೇ ಸಲ ಹಿಡ್ಕೊಂತು. ಹೊಗೆ ಬಂದು ಎದುರುಮನೆ ಅಕ್ಕ ಒಣಗಾಕಿದ್ದ ಹಪ್ಪಳ ಎತ್ಕೊಂಡು ಓಡಿದ್ರು, ಕ್ಷಮಿಸಿ ಅಕ್ಕ. ಇವರು ಸ್ಟೇರಿಂಗ್ ಮೇಲೆ ಕೈ ಇಟ್ಟು ಸುಮ್ನೆ ಕೂತಿದ್ರು. ಇಲ್ಲಿವರೆಗೂ 2,05,000 ಆಗೈತೆ. ಬಣ್ಣ, ಸೀಟು, ಟೈರು ಬಾಕಿ. ತಿಂಗಳಿಗೆ ಎಂಟು ಸಾವಿರದಲ್ಲಿ ಆದಾಗ ಆಗ್ಲಿ.

ಟಾರ್ಪಾಲ್ ಮತ್ತೆ ಕಾರಿನ ಮೇಲೆ ಬಂದೈತೆ. ತಾರಸಿ ಮೇಲೆ ಇಟ್ಟಿಗೆ ಉಜ್ಜಿ ಅದಕ್ಕೆ ಎರಡು ತೂತಾಗವೆ. ಈಗ ಮಳೆ ಬಂದ್ರೆ ಸೋರೋದು ಕಾರಿಗೆ. ಕೆಳಗೆ ಇಡಕ್ಕೆ ಬಕೆಟ್ ಕೊಡು ಅಂತ ನನ್ನ ಕೇಳ್ತಾವ್ರೆ.